ಹದಿನೈದು ಮಾರು ಆಳದ ಮೀನು

ಗಂಗೊಳ್ಳಿಯ ನನ್ನ ಸೋದರಮಾವ ಜೂನ್ ತಿಂಗಳಿನಲ್ಲೇ ಅಮೆರಿಕಕ್ಕೆ ಬಂದದ್ದಕ್ಕೆ ಸೋದರಳಿಯನ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿಸಿಕೊಂಡು ಮಳೆಯಲ್ಲಿ ನೆನೆಯುವ, ಬಲೆ ದುರಸ್ತಿ ಬಿಟ್ಟರೆ ಬೇರೆ ಕೆಲಸವಿಲ್ಲದ ಆ ಎರಡು ತಿಂಗಳಲ್ಲಿ ಮಾತ್ರ ಅವರು ಊರು ಬಿಡಬಲ್ಲರು. ಸಾಲ್ಟ್ ಲೇಕ್ ಸಿಟಿಯ ನಮ್ಮ ಮನೆಗೆ ಬಂದ ಮೂರನೆಯ ದಿನ ಅವರನ್ನು ಊರಿಗೆ ಹೆಸರು ಕೊಟ್ಟ ಆ ಉಪ್ಪಿನ ಸರೋವರದ ದಡಕ್ಕೆ ಕರೆದುಕೊಂಡು ಹೋದೆ. ಅವರು ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ, ಉಗುಳಿ, ಇದರಲ್ಲಿ ಯಾವ ಮೀನಿದೆ ಎಂದು ಕೇಳಿದರು. ಇಲ್ಲಿ ಮೀನು ಬದುಕುವುದಿಲ್ಲ, ಅಕ್ಕಿ ನುಚ್ಚಿನಂಥ ಸಿಗಡಿ ಮಾತ್ರ ಇರುತ್ತದೆ ಎಂದೆ. "ಉಪ್ಪು ನಮ್ ಕಡ್ಲಿಗಿಂತ ಜಾಸ್ತಿ ಇತ್ತ್, ಮೀನ್ ಮಾತ್ರ ಒಂದೂ ಇಲ್ಲ. ಎಂತ ಕಡ್ಲ್ ಮರಾಯ ಇದ್?" ಎಂದವರೇ ಕಾರಿನತ್ತ ನಡೆದುಬಿಟ್ಟರು.

ಆ ಅವಮಾನವನ್ನು ತೊಳೆದುಕೊಳ್ಳಲೆಂದೇ ಫ್ಲೇಮಿಂಗ್ ಗಾರ್ಜ್ ಪ್ರವಾಸವನ್ನು ಗೊತ್ತುಮಾಡಿದೆ. ಯೂಟಾ ರಾಜ್ಯದಲ್ಲಿ ಗ್ರೀನ್ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದೆ, ಗಡಿ ದಾಟಿ ವಯೋಮಿಂಗ್ ರಾಜ್ಯದೊಳಕ್ಕೂ ಚಾಚಿ, 91 ಮೈಲಿ ಉದ್ದಕ್ಕೆ ನಿಂತ ನೀರು ಅದು. ಕಟ್ಟೆಯ ಹತ್ತಿರ ಅದರ ಆಳ 400 ಅಡಿಯನ್ನು ಮೀರುತ್ತದೆ. ನನ್ನ ಕಚೇರಿಯಿಂದ ನಿವೃತ್ತರಾದ ಹಿರಿಯ ಸ್ನೇಹಿತರೊಬ್ಬರು ವಯೋಮಿಂಗ್ ಕಡೆಯವರು. ಅಲ್ಲಿ ಲೇಕ್ ಟ್ರೌಟ್ ಮೀನಿಗೆ ಟ್ರೋಲಿಂಗ್ ಮಾಡುವುದರಲ್ಲಿ ಮೂವತ್ತು ವರ್ಷ ಕಳೆದವರು. ತಮ್ಮ ಬೋಟಿನಲ್ಲಿ ಎರಡು ದಿನ ಕರೆದೊಯ್ಯಲು ಅವರು ಒಪ್ಪಿದರು. ಟ್ರೋಲಿಂಗ್ ಎಂಬ ಪದವೇ ಮನೆಯಲ್ಲಿ ಗೊಂದಲ ಎಬ್ಬಿಸಿತು. ಅಂತರ್ಜಾಲದಲ್ಲಿ ಜನರನ್ನು ಕೆಣಕುವುದಕ್ಕೆ ಮೀನು ಯಾಕೆ ಬೇಕು ಎಂದು ನನ್ನ ಮಗಳು ಕೇಳಿದರೆ, ಇಲ್ಲಿಯೂ ಟ್ರಾಲ್ ಬೋಟು ತಳ ಬಾಚುತ್ತದೆಯೇ ಎಂದು ಮಾವ ಕೇಳಿದರು. ಬಲೆಯಿಲ್ಲ, ನಿಧಾನವಾಗಿ ಸಾಗುವ ಬೋಟಿನ ಹಿಂದೆ ಗಾಳ ಎಳೆಯುವುದಷ್ಟೇ ಎಂದು ವಿವರಿಸಿದ ಮೇಲೆ ಅವರ ಮುಖ ಅರಳಿತು. ಹರೆಯದಲ್ಲಿ ಅಂಜಲ್ ಮೀನಿಗಾಗಿ ಅವರೂ ಓಡುವ ದೋಣಿಯ ಹಿಂದೆ ಗಾಳ ಎಳೆದವರೇ. "ಹಾಂಗಾರೆ ಹೋಪ, ಕಾಂಬ" ಎಂದರು.

ಮೊದಲ ದಿನ: ಮನಿಲಾ ಎಂಬ ಹಳ್ಳಿ

ಸಾಲ್ಟ್ ಲೇಕ್ ಸಿಟಿಯಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದು, ವಯೋಮಿಂಗ್ ಹೊಕ್ಕು, ಫೋರ್ಟ್ ಬ್ರಿಡ್ಜರ್ ಬಳಿ ಬಲಕ್ಕೆ ತಿರುಗಿದರೆ ಅಲ್ಲಿಂದ ಮುಂದೆ ಲಾರಿಗಳ ಸದ್ದು ಅಡಗಿಹೋಗುತ್ತದೆ. ಒಟ್ಟು ಮೂರು ಗಂಟೆಯ ದಾರಿ. ಪೆಟ್ರೋಲನ್ನು ಈ ತಿರುವಿನಲ್ಲೇ ತುಂಬಿಸಿಕೊಳ್ಳದಿದ್ದರೆ ಮುಂದೆ ಮುಳ್ಳು ನೋಡುತ್ತಲೇ ಓಡಿಸಬೇಕಾಗುತ್ತದೆ. ಬಲಗಡೆ ಯುಯಿಂಟಾ ಪರ್ವತಸಾಲು ಜೂನ್ ಕೊನೆಯಲ್ಲೂ ಹಿಮದ ತೇಪೆಗಳನ್ನು ಹೊದ್ದುಕೊಂಡಿತ್ತು. ಅಮೆರಿಕದ ದೊಡ್ಡ ಪರ್ವತಸಾಲುಗಳು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಮಲಗಿದ್ದರೆ ಇದು ಪೂರ್ವ ಪಶ್ಚಿಮವಾಗಿ ಮಲಗಿದೆ. ಹಾಗಾಗಿ ನಾವು ಗಂಟೆಗಟ್ಟಲೆ ಸಾಗಿದರೂ ಅದು ಪಕ್ಕದಿಂದ ಕದಲಲಿಲ್ಲ. ಲೋನ್‌ಟ್ರೀ ಎಂಬ ಊರು ದಾಟುವಾಗ ಹತ್ತು ನಿಮಿಷ ಮಳೆ ಹೊಯ್ದು ನಿಂತಿತು. ಕಿಟಕಿ ಇಳಿಸಿದೊಡನೆ ಸೇಜ್‌ಬ್ರಷ್ ಕುರುಚಲಿನ ಘಾಟು ಕಾರಿನೊಳಗೆ ತುಂಬಿಕೊಂಡಿತು. ಮಾವ ಮೂಗರಳಿಸಿ, ಅಜ್ಜಿ ಬಾಣಂತಿಯರಿಗೆ ಕುದಿಸುತ್ತಿದ್ದ ಕಷಾಯದ ವಾಸನೆ ಇದು ಎಂದರು. ನಲವತ್ತು ಸಲ ಈ ದಾರಿಯಲ್ಲಿ ಓಡಾಡಿದ ನನಗೆ ಅದು ಹೊಳೆದೇ ಇರಲಿಲ್ಲ.

ನಾವು ಉಳಿದುಕೊಳ್ಳಬೇಕಾಗಿದ್ದ ಹಳ್ಳಿಯ ಹೆಸರು ಮನಿಲಾ. ಫಿಲಿಪೈನ್ಸಿನ ಮನಿಲಾಗೂ ಇದಕ್ಕೂ ಏನು ಸಂಬಂಧ ಎಂದು ಮಾವ ಕೇಳಿದಾಗ ನಾನು ನಗಲಿಲ್ಲ, ಏಕೆಂದರೆ ಸಂಬಂಧ ನಿಜವಾಗಿಯೂ ಇದೆ: 1898ರಲ್ಲಿ ಮನಿಲಾ ಕೊಲ್ಲಿಯಲ್ಲಿ ಅಮೆರಿಕದ ನೌಕಾಪಡೆ ಗೆದ್ದ ನೆನಪಿಗೆ ಇಟ್ಟ ಹೆಸರಿದು. ಕಡಲು ಎಲ್ಲಿಯೂ ಇಲ್ಲದ, ಸಮುದ್ರಮಟ್ಟದಿಂದ 6,000 ಅಡಿಗೂ ಎತ್ತರದ ಊರಿಗೆ ನೌಕಾಯುದ್ಧದ ಹೆಸರು. ಸಂಜೆ ಊಟಕ್ಕೆ ಹೋದ ಹೋಟೆಲಿನಲ್ಲಿ ಮೀನು ಕೇಳಿದರೆ ಕಡಲಿನಿಂದ ಬಂದ, ಹಿಟ್ಟು ಮೆತ್ತಿ ಕರಿದ ಕಾಡ್ ಮೀನಿನ ತುಂಡು ತಂದಿಟ್ಟರು. ಪಕ್ಕದಲ್ಲೇ ಇಷ್ಟು ದೊಡ್ಡ ನೀರಿರುವಾಗ ಇದೇಕೆ ಎಂದು ಮಾವ ಕೇಳಿದ್ದನ್ನು ನಾನು ಬಡಿಸುವಾಕೆಗೆ ಅನುವಾದಿಸಿದೆ. ಇಲ್ಲಿಯ ಮೀನನ್ನು ಮಾರುವಂತಿಲ್ಲ, ಹಿಡಿದವರೇ ತಿನ್ನಬೇಕು, ಇಲ್ಲವೇ ಯಾರಿಗಾದರೂ ಹಾಗೆಯೇ ಕೊಡಬೇಕು ಎಂದು ಆಕೆ ಹೇಳಿದಳು. ಆ ಮಾತನ್ನು ಮಾವ ಎರಡೆರಡು ಸಲ ಹೇಳಿಸಿಕೊಂಡರು. ಮಾರಲಾಗದ ಮೀನನ್ನು ಹಿಡಿಯಲು ಪೆಟ್ರೋಲು ಸುಡುವ ಜನರ ನಡುವೆ ತಾವು ಬಂದಿದ್ದೇವೆಂಬುದು ಅವರಿಗೆ ಆಗ ಪೂರ್ತಿಯಾಗಿ ಅರ್ಥವಾಯಿತೆಂದು ಕಾಣುತ್ತದೆ.

ರಾತ್ರಿ ಸ್ನೇಹಿತರು ಬೋಟನ್ನು ಟ್ರೇಲರಿನ ಮೇಲೆ ಎಳೆದುಕೊಂಡು ಬಂದರು. ಬೋಟಿನ ಮೂಲೆಮೂಲೆಯನ್ನೂ ಒಣಗಿಸಿ, ನೀರು ಬಸಿಯುವ ಬಿರಡೆಯನ್ನು ತೆಗೆದಿಟ್ಟು ತರಬೇಕೆಂಬುದು ಇಲ್ಲಿಯ ಕಡ್ಡಾಯ. ಕ್ವಾಗಾ ಎಂಬ ಉಗುರಿನಷ್ಟು ಚಿಕ್ಕ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಬೋಟಿನ ತೇವದಲ್ಲೇ ಸಾಗಿ, ಕೊಳವೆಗಳನ್ನೆಲ್ಲ ಕಟ್ಟಿಹಾಕುತ್ತದೆ. ಪಚ್ಚಿಲೆಯ ಜಾತಿಯದ್ದಕ್ಕೆ ಇಷ್ಟು ಹೆದರುವ ಜನರನ್ನು ಮಾವ ಇದೇ ಮೊದಲು ಕಂಡದ್ದು. ಅದರ ಸುಕ್ಕ ಮಾಡಿ ತಿಂದುಬಿಟ್ಟರೆ ಆಗುವುದಿಲ್ಲವೇ ಎಂಬ ಅವರ ಸಲಹೆಯನ್ನು ನಾನು ಅನುವಾದಿಸಲಿಲ್ಲ.

ಎರಡನೆಯ ದಿನ: ಗುಂಡು ಕಳೆದುಕೊಂಡದ್ದು

ಬೆಳಗಿನ ನಾಲ್ಕೂವರೆಗೆ ಲೂಸರ್ನ್ ವ್ಯಾಲಿಯ ಇಳಿಜಾರಿನಲ್ಲಿ ಬೋಟು ನೀರಿಗಿಳಿಯಿತು. ಪಕ್ಕದ ಡೇರೆಗಳ ನಡುವೆ ಪ್ರಾಂಗ್‌ಹಾರ್ನ್ ಜಿಂಕೆಗಳು ಊರ ದನಗಳಂತೆ ಮೇಯುತ್ತಿದ್ದವು. ಹಗಲು ಮೂವತ್ತು ಡಿಗ್ರಿ ಮುಟ್ಟುವ ಜಾಗವೇ ಆದರೂ ಆ ಹೊತ್ತಿನ ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಇಲ್ಲಿಗೆ ಬೇಸಿಗೆಯಲ್ಲಿ ಬರುವವರೂ ಒಂದು ದಪ್ಪ ಕೋಟು ತರಲೇಬೇಕು. ಮಾವ ಮಂಕಿ ಕ್ಯಾಪ್ ಹಾಕಿ, ಅದರ ಮೇಲೆ ನನ್ನ ಸ್ವೆಟರಿನ ಟೊಪ್ಪಿಯನ್ನೂ ಎಳೆದುಕೊಂಡು, ಯಾರೂ ಹೇಳುವ ಮೊದಲೇ ಬೋಟಿನ ಮುಂತುದಿಗೆ ಹೋಗಿ ಹಗ್ಗ ಬಿಚ್ಚಿ ಸುತ್ತಿಟ್ಟರು. ಆ ಸುತ್ತನ್ನು ನೋಡಿದ ಮೇಲೆ ಸ್ನೇಹಿತರು ಅವರಿಗೆ ಯಾವ ಸೂಚನೆಯನ್ನೂ ಕೊಡಲಿಲ್ಲ.

ಟ್ರೋಲಿಂಗಿನ ಕಷ್ಟವೆಲ್ಲ ಇರುವುದು ಆಳದಲ್ಲಿ. ಬೇಸಿಗೆಯ ಬಿಸಿಲಿಗೆ ಮೇಲ್ಪದರದ ನೀರು ಕಾಯುತ್ತದೆ. ಅದರ ಕೆಳಗೆ ಒಂದು ಮಟ್ಟದಲ್ಲಿ ನೀರು ತಟಕ್ಕನೆ ತಣ್ಣಗಾಗುತ್ತದೆ. ಲೇಕ್ ಟ್ರೌಟಿಗೆ ಬೇಕಾದದ್ದು ಸುಮಾರು 10 ಡಿಗ್ರಿ ಸೆಲ್ಸಿಯಸ್‌ನ ನೀರು. ಹಾಗಾಗಿ ಮೇ ತಿಂಗಳಿನಲ್ಲಿ ದಡದ ಸಮೀಪಕ್ಕೂ ಬರುವ ಮೀನು ಜೂನ್ ಮುಗಿಯುವಷ್ಟರಲ್ಲಿ 80, 100 ಅಡಿ ಕೆಳಗೆ ಸೇರಿಬಿಡುತ್ತದೆ. ಚಲಿಸುವ ಬೋಟಿನ ಹಿಂದೆ ಬರಿಯ ದಾರ ಬಿಟ್ಟರೆ ಅದು ಅಷ್ಟು ಕೆಳಗೆ ಹೋಗದೆ ಮೇಲಕ್ಕೆ ತೇಲಿಬರುತ್ತದೆ. ಇದಕ್ಕೆ ಉಪಾಯ ಡೌನ್‌ರಿಗರ್: ಬೋಟಿನ ಅಂಚಿಗೆ ಬಿಗಿದ ಒಂದು ರಾಟೆ, ಅದರಿಂದ ಇಳಿಯುವ ಉಕ್ಕಿನ ತಂತಿ, ತಂತಿಯ ತುದಿಯಲ್ಲಿ 10 ಪೌಂಡಿನ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿಯ ಚಿಮುಟಕ್ಕೆ ಸಿಕ್ಕಿಸಿ, ಗುಂಡನ್ನು ಬೇಕಾದ ಆಳಕ್ಕೆ ಇಳಿಸಿ, ಮೇಲೆ ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಇಡುತ್ತಾರೆ. ಮೀನು ಕಚ್ಚಿದಾಗ ದಾರ ಚಿಮುಟದಿಂದ ಕಳಚಿಕೊಳ್ಳುತ್ತದೆ, ರಾಡು ಒಮ್ಮೆಲೇ ನೆಟ್ಟಗಾಗುತ್ತದೆ. ಆಗ ಮೀನಿಗೂ ರಾಡಿಗೂ ನಡುವಿನ ಸಡಿಲ ದಾರವನ್ನು ಎಷ್ಟು ಬೇಗ ಸುತ್ತಿಕೊಳ್ಳುತ್ತೀರಿ ಎಂಬುದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆ.

ನಾನು ಇದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಲು ಹೊರಟರೆ ಅವರು ಅದಾಗಲೇ ತಂತಿಯ ಮೇಲೆ ಎರಡು ಬೆರಳಿಟ್ಟು ನಿಂತಿದ್ದರು. ನೀರಿನಡಿಯ ಮೀನನ್ನೂ ತಳವನ್ನೂ ತೋರಿಸುವ ಫಿಶ್ ಫೈಂಡರಿನ ಪರದೆ ಅವರಿಗೆ ಹೊಸದಲ್ಲ, ಅವರ ಬೋಟಿನಲ್ಲಿ ಇದಕ್ಕಿಂತ ದೊಡ್ಡದಿದೆ. ಹೊಸದಾಗಿದ್ದದ್ದು ಅಡಿಯ ಲೆಕ್ಕ. ಸ್ನೇಹಿತರು ನೈಂಟಿ ಎಂದಾಗಲೆಲ್ಲ ಅವರು ಕೈಗಳನ್ನು ಸ್ವಲ್ಪವೇ ಅಗಲಿಸಿ, ಆರರಿಂದ ಭಾಗಿಸಿ, ಹದಿನೈದು ಮಾರು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಬೋಟಿನ ವೇಗ ಗಂಟೆಗೆ 1.8 ಮೈಲಿ, ಅಂದರೆ ಮನುಷ್ಯ ನಡೆಯುವುದಕ್ಕಿಂತಲೂ ನಿಧಾನ. ವೇಗ ಹೆಚ್ಚಿದರೆ ತಂತಿ ಹಿಂದಕ್ಕೆ ವಾಲುತ್ತದೆ, ಯಂತ್ರ 90 ಅಡಿ ಎಂದು ತೋರಿಸಿದರೂ ಗುಂಡು ಅದಕ್ಕಿಂತ ಮೇಲಿರುತ್ತದೆ. ಮಾವ ಪರದೆಯನ್ನು ನೋಡದೆ, ತಂತಿ ನೀರು ಸೀಳುವ ಓರೆಯನ್ನು ನೋಡಿ, ವೇಗ ಇಳಿಸಲು ಕೈಸನ್ನೆ ಮಾಡುತ್ತಿದ್ದರು. ಸ್ನೇಹಿತರು ಎರಡು ಸಲ ಅದನ್ನು ಯಂತ್ರದಲ್ಲಿ ತಾಳೆ ನೋಡಿ, ಮೂರನೆಯ ಸಲ ನೋಡದೆಯೇ ಇಳಿಸಿದರು.

ನಾವು ಸುತ್ತು ಹಾಕುತ್ತಿದ್ದ ಜಾಗಕ್ಕೆ ಲಿನ್‌ವುಡ್ ಬೇ ಎಂದು ಹೆಸರು. ಲಿನ್‌ವುಡ್ ಎಂಬುದು ಇಲ್ಲಿದ್ದ ಊರು. ಶಾಲೆ, ಅಂಗಡಿ, ಹೊಲಗಳಿದ್ದ ಆ ನೆಲದ ಮೇಲೆ ಈಗ ನಮ್ಮ ಗುಂಡು ತೇಲುತ್ತಿತ್ತು. ಅಣೆಕಟ್ಟು ಉದ್ಘಾಟನೆಯಾದದ್ದು 1964ರ ಆಗಸ್ಟಿನಲ್ಲಿ, ಅಧ್ಯಕ್ಷ ಜಾನ್ಸನ್ನರ ಪತ್ನಿಯಿಂದ. ಇಸವಿ ಕೇಳಿದ ಕೂಡಲೇ ಮಾವ ಲಿಂಗನಮಕ್ಕಿಯೂ ಅದೇ ವರ್ಷದ್ದು ಎಂದರು. ಅವರ ದೊಡ್ಡಮ್ಮನನ್ನು ಕೊಟ್ಟ ಮನೆ ಶರಾವತಿಯ ಹಿನ್ನೀರಿನಲ್ಲಿ ಹೋಯಿತಂತೆ. ಘಟ್ಟ ಹತ್ತಿ ಸಿಗಂದೂರಿಗೆ ಹೋಗುವಾಗ ಲಾಂಚಿನ ಅಂಚಿನಲ್ಲಿ ನಿಂತು ಆ ಅಜ್ಜಿ ನೀರಿನತ್ತ ಕೈತೋರಿಸಿ ಇದು ನಮ್ಮ ಅಡಿಕೆ ತೋಟ, ಇದು ಕೊಟ್ಟಿಗೆ ಎಂದು ಹೇಳುತ್ತಿದ್ದದ್ದನ್ನು ಅವರು ನೆನೆದರು. ಸ್ನೇಹಿತರಿಗೆ ಇದನ್ನು ಹೇಳಿದೆ. ಅವರು ಪರದೆಯಲ್ಲಿ ಕಂಡ ತಳದ ಒಂದು ಚೌಕದ ಉಬ್ಬನ್ನು ಬೆರಳಿನಿಂದ ತೋರಿಸಿದರು. ಬಂಡೆಯೋ ಯಾರದ್ದಾದರೂ ಅಡಿಪಾಯವೋ ತಮಗೂ ಗೊತ್ತಿಲ್ಲ, ಆದರೆ ಅದರ ನೆರಳಿನಲ್ಲಿ ಮೀನು ನಿಲ್ಲುತ್ತದೆ ಎಂದರು.

ಒಂಬತ್ತು ಗಂಟೆಯೊಳಗೆ ಮೂರು ಚಿಕ್ಕ ಲೇಕ್ ಟ್ರೌಟುಗಳು ಸಿಕ್ಕವು, ಒಂದೊಂದೂ ಒಂದು ಮೊಳಕ್ಕಿಂತ ಚೂರು ಹೆಚ್ಚು. ಇಲ್ಲಿಯವರು ಇವುಗಳನ್ನು ಪಪ್ ಎಂದು, ಅಂದರೆ ನಾಯಿಮರಿಯೆಂದು ಕರೆಯುತ್ತಾರೆ. ಇವು ಮಿತಿಮೀರಿ ಹೆಚ್ಚಿ, ದೊಡ್ಡ ಮೀನುಗಳಿಗೂ ಜನರಿಗೂ ಬೇಕಾದ ಕೊಕಾನಿ ಸಾಲ್ಮನ್ನುಗಳನ್ನು ಮುಗಿಸುತ್ತವೆ. ಆದ್ದರಿಂದ ಚಿಕ್ಕವನ್ನು ಹಿಡಿದು ತಿನ್ನಿ ಎಂದು ಇಲಾಖೆಯೇ ಹೇಳುತ್ತದೆ. 28 ಇಂಚು ಮೀರಿದ್ದನ್ನು ಮಾತ್ರ ಒಬ್ಬರು ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮರಿಯನ್ನು ತಿಂದು ಮುದಿಯನ್ನು ಬಿಡುವ ಈ ಕ್ರಮ ಮಾವನಿಗೆ ಬುಡಮೇಲಾಗಿ ಕಂಡಿತು. ಮರಿಮೀನು ಹಿಡಿಯಬಾರದೆಂದು ಬಂದರಿನಲ್ಲಿ ಸಭೆ ಮಾಡಿ ಹೇಳಿ ಹೇಳಿ ಅವರ ಗಂಟಲು ಒಣಗಿದೆ.

ಗುಂಡು ಕಳೆದದ್ದು ಪೂರ್ತಿ ನನ್ನ ತಪ್ಪು. ಆಸ್ಪ್ರೆ ಹಕ್ಕಿಯೊಂದು ಎರಡೂ ಕಾಲುಗಳನ್ನು ಮುಂದೆ ಚಾಚಿ ನೀರಿಗೆ ಬಿದ್ದು ಮೀನೆತ್ತಿಕೊಂಡು ಹೋಗುವುದನ್ನು ನೋಡುತ್ತಾ ನಿಂತವನು, ತಳ 110 ಅಡಿಯಿಂದ 70ಕ್ಕೆ ಗೋಡೆಯಂತೆ ಏರಿದ್ದನ್ನು ಗಮನಿಸಲಿಲ್ಲ. ತಂತಿ ಕಿರುಗುಟ್ಟಿತು, ಬೋಟಿನ ಹಿಂಭಾಗ ಕೆಳಕ್ಕೆ ಜಗ್ಗಿತು. ಸ್ನೇಹಿತರು ಬೋಟನ್ನು ಹಿಂದಕ್ಕೆ ತಿರುಗಿಸುವ ಮೊದಲೇ ತಂತಿ ಕಡಿದು, ಗುಂಡೂ ಅದರೊಂದಿಗೆ ಗಾಳವೂ ಲಿನ್‌ವುಡ್ಡಿನ ಯಾವುದೋ ಅಂಗಳ ಸೇರಿದವು. ಅವರು ಒಂದು ಮಾತನ್ನೂ ಆಡಲಿಲ್ಲ. ಮಾವ ಮಾತ್ರ, ಹಕ್ಕಿ ನೋಡುವುದಾದರೆ ದಡದಲ್ಲಿ ಕುಳಿತು ನೋಡು ಎಂದರು. ಹನ್ನೊಂದರ ಹೊತ್ತಿಗೆ ನೈರುತ್ಯದಿಂದ ಗಾಳಿ ಎದ್ದು ನೊರೆಯ ಅಲೆಗಳು ಮೂಡಿದವು, ದೂರದಲ್ಲಿ ಗುಡುಗಿತು. ಇಲ್ಲಿ ಮಧ್ಯಾಹ್ನದ ಗಾಳಿಗೆ ಎದುರು ನಿಲ್ಲುವವರು ಕಡಿಮೆ. ಬೆಳಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ದಡ ಸೇರುವುದೇ ರೂಢಿ.

ಮೀನು ಹೆರೆಯುವ ಕಟ್ಟೆಯ ಬಳಿ ಎಪ್ಪತ್ತು ದಾಟಿದ ರೈತರೊಬ್ಬರು ಸಿಕ್ಕರು. ಮಾವ ಚಾಕು ಹಿಡಿದ ರೀತಿ ನೋಡಿ ಅವರೇ ಮಾತಿಗಿಳಿದರು. 1962ರ ಸೆಪ್ಟೆಂಬರಿನಲ್ಲಿ, ಅಣೆಕಟ್ಟಿಗೆ ನೀರು ತುಂಬಿಸುವ ಮೊದಲು, ಗ್ರೀನ್ ನದಿಗೂ ಅದರ ಉಪನದಿಗಳಿಗೂ ನೂರಾರು ಮೈಲಿ ಉದ್ದಕ್ಕೆ ರೋಟೆನೋನ್ ಎಂಬ ವಿಷ ಹಾಕಿದ್ದನ್ನು ಅವರು ಬಾಲಕರಾಗಿ ಕಂಡವರು. ಹೊಸ ಜಲಾಶಯದಲ್ಲಿ ಟ್ರೌಟ್ ಬೆಳೆಸಲು ಹಳೆಯ ನದಿಮೀನುಗಳು ಅಡ್ಡಿಯೆಂದು ಅಂದಿನವರ ಎಣಿಕೆ. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡ ಮೀನುಗಳು ದಡದುದ್ದಕ್ಕೂ ಬಿದ್ದಿದ್ದವೆಂದು ಅವರು ಹೇಳಿದರು. ಕೆಳಗಿನ ಡೈನೋಸಾರ್ ರಾಷ್ಟ್ರೀಯ ಸ್ಮಾರಕದ ಭಾಗಕ್ಕೆ ವಿಷ ಮುಟ್ಟಬಾರದೆಂದು ಹಾಕಿದ ಮದ್ದು ಸರಿಯಾಗಿ ಹಿಡಿಯಲಿಲ್ಲ. ಅಂದು ಕಸದ ಮೀನೆಂದು ಕೊಂದ ರೇಜರ್‌ಬ್ಯಾಕ್ ಸಕರ್, ಬೋನಿಟೇಲ್‌ಗಳಂಥವು ಇಂದು ಸಂರಕ್ಷಿತ ಪಟ್ಟಿಯಲ್ಲಿವೆ, ಅವನ್ನು ಸರ್ಕಾರವೇ ತೊಟ್ಟಿಗಳಲ್ಲಿ ಸಾಕಿ ನದಿಗೆ ಬಿಡುತ್ತಿದೆ. ನಾವು ಹಿಡಿದ ಲೇಕ್ ಟ್ರೌಟ್ ಇಲ್ಲಿಯದ್ದಲ್ಲವೇ ಅಲ್ಲ. ಅದು ಕೆನಡಾ ಮತ್ತು ಮಹಾಸರೋವರಗಳ ಕಡೆಯ ಮೀನು, ಮೇಲಿನ ಕೆರೆಗಳಲ್ಲಿ ಬಿಟ್ಟದ್ದು ನದಿಯೊಂದಿಗೆ ಇಳಿದುಬಂದು ಇಲ್ಲಿ ನೆಲೆಯಾಯಿತು. ಮಾವ ಎಲ್ಲವನ್ನೂ ಕೇಳಿ, ಹೆರೆಯುವುದನ್ನು ನಿಲ್ಲಿಸದೆ, ಆ ಹಳೆಯ ಮೀನು ತಿನ್ನಲು ಹೇಗಿತ್ತು ಎಂದು ಕೇಳಿದರು. ರೈತರು ಸ್ವಲ್ಪ ಹೊತ್ತು ಯೋಚಿಸಿ, ಮುಳ್ಳು ಜಾಸ್ತಿ, ಆದರೆ ನನ್ನ ಅಜ್ಜಿ ಚೆನ್ನಾಗಿ ಮಾಡುತ್ತಿದ್ದಳು ಎಂದರು.

ರಾತ್ರಿ ಬಾಡಿಗೆ ಮನೆಯ ಒಲೆಯಲ್ಲಿ ಮಾವ ಅಡುಗೆ ಹೂಡಿದರು. ಊರಿನಿಂದ ತಂದ ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಹುಣಸೆಹಣ್ಣು ಎಲ್ಲವೂ ಕಾರಿನಲ್ಲಿದ್ದವು. ತೆಂಗಿನಕಾಯಿ ಇರಲಿಲ್ಲ, ಡಬ್ಬಿಯ ತೆಂಗಿನ ಹಾಲಿನಲ್ಲೇ ಸುಧಾರಿಸಿದರು. ಲೇಕ್ ಟ್ರೌಟಿನ ಮಾಂಸದಲ್ಲಿ ಎಣ್ಣೆಯಂಶ ಹೆಚ್ಚು, ಬಂಗುಡೆಯ ಹಾಗೆ. ಅದಕ್ಕೆ ಹುಳಿ ಮುಂದಾಗಿರಬೇಕು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡಬೇಕು ಎಂದು ಮೊದಲ ತುತ್ತಿನಲ್ಲೇ ತೀರ್ಪು ಕೊಟ್ಟರು. ಕಣ್ಣಿನಲ್ಲಿ ನೀರು ಸುರಿಸುತ್ತಾ ಸ್ನೇಹಿತರು ಮೂರು ಸಲ ಅನ್ನ ಹಾಕಿಸಿಕೊಂಡರು. ಮೂವತ್ತು ವರ್ಷ ಈ ಮೀನನ್ನು ಹೊಗೆಯಲ್ಲಿಟ್ಟು ತಿಂದು ಹಾಳುಮಾಡಿದೆನಲ್ಲ ಎಂದು ಅವರು ಹೇಳಿದ್ದನ್ನು ಅನುವಾದಿಸಿದಾಗ ಮಾವ ಅದು ಸೌಜನ್ಯದ ಮಾತಲ್ಲವೆಂಬಂತೆ ಗಂಭೀರವಾಗಿ ತಲೆಯಾಡಿಸಿದರು.

ಮೂರನೆಯ ದಿನ: ತೇಗಿದ ಮೀನು

ಮರುದಿನ ಗಾಳಿಯೇ ಇರಲಿಲ್ಲ. ನೀರು ಎಣ್ಣೆ ಸುರಿದಂತೆ ನಿಂತಿತ್ತು, ದಡದ ಕೆಂಪು ಬಂಡೆಗಳು ಅದರಲ್ಲಿ ತಲೆಕೆಳಗಾಗಿದ್ದವು. ನಾವು ಯೂಟಾದ ಭಾಗದಲ್ಲೇ ಉಳಿದೆವು; ಗಡಿ ನೀರಿನ ನಡುವೆ ಹಾದುಹೋಗುವುದರಿಂದ, ಆಚೆಗೂ ಗಾಳ ಎಳೆಯಬೇಕಾದರೆ ಇನ್ನೊಂದು ರಾಜ್ಯದ ಅನುಮತಿಯನ್ನೂ ಪರವಾನಗಿಯೊಂದಿಗೆ ಇಟ್ಟುಕೊಳ್ಳಬೇಕು, ಮೂರು ದಿನದ ಪರವಾನಗಿ ಹಿಡಿದು ಬಂದ ಮಾವನಿಗೆ ಅಷ್ಟು ಬೇಕಿರಲಿಲ್ಲ.

ಸ್ನೇಹಿತರು ಈ ದಿನ ಚಿಕ್ಕ ಗಾಳಗಳನ್ನು ಪೆಟ್ಟಿಗೆಗೆ ಹಾಕಿ, ಗೇಣುದ್ದದ, ಬೆಳ್ಳಿಯ ಬಣ್ಣದ ಬೆನ್ನಿಗೆ ನೀಲಿ ಬಳಿದ ಹುಸಿ ಮೀನನ್ನು ಕಟ್ಟಿದರು. ಅದು ಕೊಕಾನಿಯ ವೇಷ. ಪರದೆಯಲ್ಲಿ 50 ಅಡಿಯಲ್ಲಿ ಕೊಕಾನಿಗಳ ಹಿಂಡು ಮೋಡದಂತೆ ಕಾಣುತ್ತಿತ್ತು. ಅದರ ಕೆಳಗೆ, 90 ಅಡಿಯಲ್ಲಿ, ಅಲ್ಲೊಂದು ಇಲ್ಲೊಂದು ದಪ್ಪ ಕಮಾನು. ದೊಡ್ಡ ಲೇಕ್ ಟ್ರೌಟ್ ದನಗಾಹಿಯಂತೆ ಹಿಂಡಿನ ಅಡಿಯಲ್ಲೇ ಸಾಗುತ್ತಾ, ಹಿಂದೆ ಬಿದ್ದದ್ದನ್ನು ನುಂಗುತ್ತದೆ. ಅದು ಬೆಳೆಯುವುದು ಬಹಳ ನಿಧಾನ. ಮೀನನ್ನೇ ತಿನ್ನುವ ಗಾತ್ರಕ್ಕೆ ಬರುವವರೆಗೆ ವರ್ಷವರ್ಷವೂ ಅದೇ ಅಳತೆಯಲ್ಲಿದ್ದು, ಆಮೇಲೆ ಮೈಗೂಡುತ್ತದೆ. ಯೂಟಾ ರಾಜ್ಯದ ದಾಖಲೆಯ ಲೇಕ್ ಟ್ರೌಟ್ 1988ರಲ್ಲಿ ಈ ನೀರಿನಿಂದಲೇ ಬಂದದ್ದು, 51 ಪೌಂಡ್ 8 ಔನ್ಸ್ ತೂಕದ್ದು.

ನಾಲ್ಕು ಗಂಟೆ ಏನೂ ಆಗಲಿಲ್ಲ. ಈ ನಾಲ್ಕು ಗಂಟೆಯನ್ನು ಬರೆಯುವುದು ಕಷ್ಟ, ಆದರೆ ಟ್ರೋಲಿಂಗ್ ಎಂದರೆ ಬಹುಪಾಲು ಅದೇ. ಇಂಜಿನ್ನಿನ ಗುರ್ ಎಂಬ ಸದ್ದು, ಬಾಗಿದ ರಾಡಿನ ತುದಿಯ ಒಂದೇ ಲಯದ ನಡುಕ, ಥರ್ಮಾಸಿನ ಚಹಾ, ಮತ್ತೆ ತಿರುವು. ಸ್ನೇಹಿತರು ನೇರವಾಗಿ ಹೋಗದೆ ಹಾವಿನಂತೆ ಬೋಟನ್ನು ಓಡಿಸುತ್ತಿದ್ದರು; ತಿರುವಿನಲ್ಲಿ ಹೊರಗಿನ ಗಾಳ ವೇಗ ಪಡೆಯುತ್ತದೆ, ಒಳಗಿನದ್ದು ನಿಧಾನವಾಗಿ ಕೆಳಕ್ಕೆ ಕುಸಿಯುತ್ತದೆ, ಯಾವುದನ್ನು ಮೀನು ಮುಟ್ಟುತ್ತದೆ ಎಂಬುದರಿಂದ ಆ ದಿನದ ವೇಗ ತಿಳಿಯುತ್ತದೆ. ಮಾವ ತಂತಿಯ ಮೇಲಿನ ಬೆರಳು ತೆಗೆದಿರಲಿಲ್ಲ. ಎಡದ ತಂತಿಯ ನಡುಕ ಬದಲಾಗಿದೆ, ಗಾಳಕ್ಕೆ ಏನೋ ಸಿಕ್ಕಿಕೊಂಡಿದೆ ಎಂದರು. ಎತ್ತಿ ನೋಡಿದರೆ ಕೊಕ್ಕೆಯಲ್ಲಿ ಬೆರಳುದ್ದದ ಪಾಚಿಯ ಎಳೆ. ಅದನ್ನು ಕಿತ್ತು ಮತ್ತೆ ಇಳಿಸಿ ಹತ್ತು ನಿಮಿಷವಾಗಿರಬಹುದು, ಎಡಕ್ಕೆ ತಿರುಗುವಾಗ ಆ ರಾಡು ಟಕ್ಕೆಂದು ನೆಟ್ಟಗಾಯಿತು.

ಸ್ನೇಹಿತರು ಅದನ್ನು ಕಿತ್ತು ಮಾವನ ಕೈಗೆ ತುರುಕಿದರು. ಅರುವತ್ತು ವರ್ಷ ಕಡಲಿನಲ್ಲಿ ಕಳೆದ ಆ ಮನುಷ್ಯ ಎಂದೂ ರೀಲು ಹಿಡಿದವರಲ್ಲ. ಎರಡು ಸುತ್ತು ತಿರುಗಿಸಿದವರೇ, ತೂಕ ತಾಗಿದ ಕೂಡಲೇ, ರಾಡನ್ನು ಕಂಕುಳಿಗೆ ಸಿಕ್ಕಿಸಿ ಬರಿಗೈಯಿಂದ ದಾರವನ್ನೇ ಎಳೆಯತೊಡಗಿದರು. "ನೋ, ನೋ, ನೋ!" ಎಂದು ಸ್ನೇಹಿತರು, "ಮಾವ, ಸುತ್ತಿ, ಸುತ್ತಿ!" ಎಂದು ನಾನು. ದಾರ ಅವರ ತೋರುಬೆರಳನ್ನು ಕೊಯ್ದು ಗೆರೆ ಎಳೆಯಿತು. ಆಗ ಬಿಟ್ಟು, ಬೈಯುತ್ತಾ, ಸುತ್ತಿದರು. ಮೀನು ಓಡಲಿಲ್ಲ, ಹಾರಲಿಲ್ಲ. ತಳದಲ್ಲೇ ಭಾರವಾಗಿ ತಲೆ ಕೊಡವುತ್ತಿತ್ತು. ನೆನೆದ ಗೋಣಿಚೀಲವನ್ನು ಬಾವಿಯಿಂದ ಎತ್ತಿದಂತೆ ಅಂಗುಲ ಅಂಗುಲ ಬಂತು, ನಾಲ್ಕು ಮಾರು ಬಂದು ಮೂರು ಮಾರು ಹಿಂದಕ್ಕೆ ಹೋಯಿತು.

ಹದಿನೈದು ನಿಮಿಷದ ಮೇಲೆ, ಮೀನು ಇನ್ನೂ ಕಣ್ಣಿಗೆ ಬೀಳದಿರುವಾಗ, ಬೋಟಿನ ಪಕ್ಕದಲ್ಲಿ ನೀರ್ಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದವು. ಮೇಲೆ ಬಂದಂತೆ ನೀರಿನ ಒತ್ತಡ ಇಳಿದು ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ. ಕೆಲವು ಜಾತಿಯ ಮೀನುಗಳು ಅದರಿಂದಲೇ ಸಾಯುತ್ತವೆ. ಲೇಕ್ ಟ್ರೌಟಿಗೆ ಗಾಳಿಚೀಲದಿಂದ ಗಂಟಲಿಗೆ ದಾರಿಯಿದೆ, ಅದು ಗಾಳಿಯನ್ನು ಬಾಯಿಂದ ಹೊರಹಾಕುತ್ತದೆ. ಮಾವ ಗುಳ್ಳೆಗಳನ್ನು ನೋಡಿ, ನೋವನ್ನೂ ಮರೆತು, "ತೇಗ್ತಾ ಇತ್ತಲ್ಲ ಮರಾಯ!" ಎಂದು ಕೂಗಿದರು. ಆಮೇಲೆ ಅದು ಕಂಡಿತು: ಮೊದಲು ಬೂದುಹಸಿರಿನ ನೆರಳು, ಬಳಿಕ ಮೈತುಂಬ ಅಕ್ಕಿ ಚೆಲ್ಲಿದಂಥ ತಿಳಿ ಚುಕ್ಕೆಗಳು, ರೆಕ್ಕೆಗಳ ಅಂಚಿಗೆ ಸುಣ್ಣದ ಗೆರೆ, ಆಳವಾಗಿ ಕವಲೊಡೆದ ಬಾಲ.

ಬಲೆಯೊಳಗೇ ನೀರಿನಲ್ಲಿಟ್ಟು ಸ್ನೇಹಿತರು ಅಳತೆಪಟ್ಟಿ ಹಿಡಿದರು, 38 ಇಂಚು. ಮಾವ ತಮ್ಮ ಮೊಳಕೈ ಪಕ್ಕಕ್ಕಿಟ್ಟು, ಎರಡು ಮೊಳ ಮೇಲೆ ಎರಡು ಬೆರಳು ಎಂದರು. ತೂಕ 24 ಪೌಂಡ್ ಇರಬಹುದು, ಪ್ರಾಯ ಇಪ್ಪತ್ತೈದಕ್ಕೆ ಕಡಿಮೆಯಿರಲಾರದು ಎಂದು ಸ್ನೇಹಿತರು ಅಂದಾಜು ಮಾಡಿದರು. ನಾನು ಈ ದೇಶಕ್ಕೆ ಬರುವ ಮೊದಲೇ ಅದು ಇಲ್ಲಿತ್ತು. ಕಾನೂನಿನಂತೆ ಅದನ್ನು ಇಟ್ಟುಕೊಳ್ಳಬಹುದಾಗಿತ್ತು. ಇಂಥದ್ದನ್ನು ಬಿಡುವುದು ಸ್ನೇಹಿತರ ನೇಮ. ಆದರೂ ಅವರು ಏನೂ ಹೇಳದೆ, ಬಲೆ ಹಿಡಿದುಕೊಂಡು, ಅತಿಥಿಯ ಮುಖ ನೋಡಿದರು. ಮೇಲ್ಪದರದ ನೀರು ಬೆಚ್ಚಗಿದೆ, ಹೆಚ್ಚು ಹೊತ್ತು ತಡೆದರೆ ಮೀನಿಗೆ ಕಷ್ಟ ಎಂಬುದನ್ನಷ್ಟೇ ನಾನು ಮಾವನಿಗೆ ಹೇಳಿದೆ.

ಮಾವ ಮೀನಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಸಂತೆಯಲ್ಲಿ ಒತ್ತಿ ನೋಡುವ ಹಾಗೆ. "ಮುದಿ ಮೀನ್. ಹುಳಿಗೆ ಆತಿಲ್ಲೆ. ಬಿಡು" ಎಂದರು.

ಸ್ನೇಹಿತರು ಬಾಲದ ಬುಡ ಹಿಡಿದು, ಇನ್ನೊಂದು ಕೈ ಹೊಟ್ಟೆಯಡಿಗೆ ಕೊಟ್ಟು, ತಲೆ ಕೆಳಗಾಗಿ ಆಳಕ್ಕೆ ತಳ್ಳಿದರು. ತಣ್ಣನೆಯ ನೀರಿಗೆ ಬೇಗ ಮುಟ್ಟಲೆಂದು ಹೀಗೆ ಬಿಡುತ್ತಾರೆ. ಅದು ಒಮ್ಮೆ ಬಾಲ ಬೀಸಿ ಅವರ ಕನ್ನಡಕಕ್ಕೆ ನೀರು ಚಿಮ್ಮಿಸಿ ಹೋಯಿತು. ಮಾವ ಬೋಟಿನ ಅಂಚಿಗೆ ಎರಡೂ ಕೈ ಊರಿ, ನೀರಿನಲ್ಲಿ ಏನೂ ಕಾಣದಾದ ಮೇಲೂ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ಮಂಕಿ ಕ್ಯಾಪ್ ಜಾರಿ ನೀರಿಗೆ ಬಿತ್ತು. ಅದನ್ನು ಎತ್ತಲು ನಾನು ಬಲೆ ಚಾಚಿದಾಗಲೇ ಅವರು ತಿರುಗಿದ್ದು.

ನಾಲ್ಕನೆಯ ದಿನ: ಇಳಿಜಾರು

ಹಿಂದಿರುಗುವಾಗ ಬಂದ ದಾರಿ ಬಿಟ್ಟು ವರ್ನಲ್ ಕಡೆಯ ರಸ್ತೆ ಹಿಡಿದೆವು. ಸಮಯವಿದ್ದರೆ ಎಲ್ಲರೂ ಹೀಗೇ ಮಾಡಬೇಕು. ಮೊದಲು ರೆಡ್ ಕ್ಯಾನಿಯನ್ ವೀಕ್ಷಣಾ ಸ್ಥಳ. ಅಲ್ಲಿಂದ ಸಾವಿರ ಅಡಿಗೂ ಕೆಳಗೆ ನಮ್ಮ ನೀರು ಹಸಿರು ರಿಬ್ಬನ್ನಿನಂತೆ ಬಿದ್ದಿತ್ತು, ಅದರಲ್ಲೊಂದು ಬೋಟು ಇರುವೆಯಂತೆ ಗೆರೆ ಎಳೆಯುತ್ತಿತ್ತು. 1869ರ ಮೇ ತಿಂಗಳಿನಲ್ಲಿ ಒಂಟಿಗೈಯ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ನಾಲ್ಕು ದೋಣಿಗಳಲ್ಲಿ ಈ ನದಿಯಲ್ಲಿ ಇಳಿದುಹೋಗುತ್ತಾ, ಬಿಸಿಲಿಗೆ ಉರಿಯುವಂತಿದ್ದ ಬಂಡೆಗಳನ್ನು ಕಂಡು ಫ್ಲೇಮಿಂಗ್ ಗಾರ್ಜ್, ಅಂದರೆ ಉರಿಯುವ ಕಮರಿ, ಎಂದು ಹೆಸರಿಟ್ಟವರು. ಆ ಕಾಲದಲ್ಲಿ ಇಲ್ಲಿ ಸುಳಿಯೇ ಹೆಚ್ಚಿದ್ದಿರಬೇಕು, ಒಂದು ಕೈಯಲ್ಲಿ ಹುಟ್ಟು ಹೇಗೆ ಹಾಕಿದರು ಎಂಬುದೊಂದೇ ಮಾವನ ಪ್ರಶ್ನೆ. 502 ಅಡಿ ಎತ್ತರದ ಅಣೆಕಟ್ಟನ್ನು ಕಾರಿನಲ್ಲೇ ದಾಟಿದೆವು. ಮುಂದೆ ವರ್ನಲ್ಲಿಗೆ ಇಳಿಯುವಾಗ ಹತ್ತು ಹಿಮ್ಮುರಿ ತಿರುವುಗಳು ಬರುತ್ತವೆ. ಆಗುಂಬೆಯಲ್ಲಿ ಹದಿನಾಲ್ಕು ಎಂದು ಮಾವ ಬೆರಳು ಮಡಚುತ್ತಾ ಎಣಿಸಿ ಸಮಾಧಾನಪಟ್ಟರು.

ವರ್ನಲ್ಲಿನಲ್ಲಿ ಫೋನಿಗೆ ಸಂಕೇತ ಸಿಕ್ಕಿತು. ಗಂಗೊಳ್ಳಿಯಲ್ಲಿ ಆಗ ರಾತ್ರಿ. ಬೋಟಿನ ಹುಡುಗರೆಲ್ಲ ಮಾವನ ಜಗಲಿಯಲ್ಲೇ ಇದ್ದರೆಂದು ಕಾಣುತ್ತದೆ, ಸ್ಪೀಕರಿನಲ್ಲಿ ನಾಲ್ಕೈದು ದನಿಗಳು ಮಳೆಯ ಸದ್ದಿನೊಂದಿಗೆ ಕೇಳಿದವು. ಮಾವ ಹದಿನೈದು ಮಾರು ಆಳದಿಂದ ಎತ್ತಿದ್ದನ್ನು, ಎರಡು ಮೊಳ ಮೇಲೆ ಎರಡು ಬೆರಳು ಇದ್ದದ್ದನ್ನು, ತೇಗಿದ್ದನ್ನು, ಬೆರಳು ಕೊಯ್ದದ್ದನ್ನು ಬಿಡದೆ ಹೇಳಿದರು. ಆಚೆಯಿಂದ ಯಾರೋ, ಅಷ್ಟು ದೊಡ್ಡ ಮೀನನ್ನು ಏನು ಮಾಡಿದಿರಿ ಎಂದು ಕೇಳಿದರು. ಮಾವ ನನ್ನತ್ತ ಒಮ್ಮೆ ನೋಡಿ, ಪಟ್ಟಿ ಸುತ್ತಿದ ಬೆರಳಿನಿಂದ ಫೋನನ್ನು ಬಾಯಿಗೆ ಹತ್ತಿರ ತಂದು, ಬೆಳ್ಳುಳ್ಳಿ ಹಾಕಿ ಹುಳಿ ಮಾಡಿದೆವು, ಕಾಯಿ ಸಿಗಲಿಲ್ಲ ನೋಡಿ, ಅದೊಂದು ಕಡಿಮೆಯಾಯಿತು ಎಂದರು.